ಅಮಾವಾಸ್ಯೆಯ ದಿನ ಕಂಬ ಕೆರೆದದ್ದು

ಅಮಾವಾಸ್ಯೆ ದಿನ ಮಗ್ಗ ನಿಲ್ಲುತ್ತದೆ, ಆದರೆ ಮಗ್ಗದ ಮೇಲಿನ ನೂಲು ಎಲ್ಲಿಗೂ ಎದ್ದು ಹೋಗುವುದಿಲ್ಲ. ಇಷ್ಟು ಸಣ್ಣ ಮಾತು, ಹುಟ್ಟಿದಾಗಿನಿಂದ ಮಗ್ಗದ ಮನೆಯಲ್ಲೇ ಬೆಳೆದ ನಮ್ಮ ಮಾವನವರಿಗೆ ಹೊಳೆಯಲಿಲ್ಲವಲ್ಲ ಎಂದು ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಆಗ ಬನಹಟ್ಟಿಯಲ್ಲಿ ಇನ್ನೂ ಸಂಸ್ಥಾನದ ಆಳಿಕೆ. ನಾದಿನಿಯ ಮದುವೆಗೆ ಹನ್ನೆರಡು ದಿನ ಉಳಿದಿತ್ತು. ಬೀಗರು ಜಮಖಂಡಿಯವರು, ಕಾರಕೂನರು. ಅವರ ಮನೆಯ ಕಂಬಗಳು ಮುಖ ಕಾಣುವ ಹಾಗೆ ಮಿಂಚುವುದನ್ನು ನೋಡಿ ಬಂದ ಮೇಲೆ ಮಾವನವರಿಗೆ ನಮ್ಮ ಪಡಸಾಲೆಯ ನಾಲ್ಕು ಕಂಬಗಳು ಕಣ್ಣಿಗೆ ಚುಚ್ಚತೊಡಗಿದವು. ಹಬ್ಬ ಹಬ್ಬಕ್ಕೂ ಎಣ್ಣೆ ಬಳಿದು, ದೀಪದ ಹೊಗೆ ಹತ್ತಿ ಅವು ರೊಟ್ಟಿಹಂಚಿನಂತೆ ಕಪ್ಪಾಗಿದ್ದವು, ಖರೆ. ಆದರೆ ಅದೇ ಪಡಸಾಲೆಯ ನಡುವೆ, ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುವ ಕುಣಿಮಗ್ಗವಿತ್ತು. ಅದರ ಮೇಲೆ ಅರ್ಧ ನೇಯ್ದ ನಾದಿನಿಯ ಮದುವೆ ಸೀರೆ, ನಿಂಬೆಹಣ್ಣಿನ ಬಣ್ಣದ್ದು. ಅತ್ತೆಯವರೇ ಕುಳಿತು ನೇಯುತ್ತಿದ್ದರು, ಬೇರೆಯವರಿಗೆ ಲಾಳಿ ಮುಟ್ಟಗೊಡುತ್ತಿರಲಿಲ್ಲ. ಮಗ್ಗದ ಉದ್ದಕ್ಕೂ ಬಿಗಿದ, ಗಂಜಿ ಹಚ್ಚಿದ ನೂಲಿನ ಹಾಸಿನ ಮೇಲೆ ಮಸಿಧೂಳು ಕೂತರೆ ಕತೆ ಮುಗಿಯಿತು, ಒರೆಸಿದಷ್ಟೂ ನೂಲಿನೊಳಗೆ ಇಳಿಯುತ್ತದೆ. ಹೊಸ ಹಾಸು ಹೂಡಿ ನೇಯಲು ಹನ್ನೆರಡು ದಿನ ಯಾವ ಮೂಲೆಗೂ ಸಾಲದು.

"ಅಮಾಸಿ ದಿನ ಹೆಂಗೂ ಮಗ್ಗ ನಿಂತಿರತೈತಿ. ಅವತ್ತ ಕಂಬ ಕೆರದು ಬಿಡೂಣು," ಎಂದರು ಮಾವ. ಅಮಾವಾಸ್ಯೆಯಂದು ತಾನು ಉಳಿ ಮುಟ್ಟುವುದಿಲ್ಲ ಎಂದು ಬಡಿಗ ಹೇಳಿಬಿಟ್ಟ. ಅವನಿಗಿದ್ದ ಬುದ್ಧಿ ಇವರಿಗಿರಲಿಲ್ಲ. ಒಡೆದ ಗಾಜಿನ ಚೂರು, ಮರಳಿನ ಕಾಗದ ಹಿಡಿದು ತಾವೇ ನಿಂತರು.

ಅಷ್ಟರಲ್ಲಿ ಅತ್ತೆ ಮಗ್ಗಕ್ಕೆ ಪೂಜೆ ಮಾಡಿ ಮುಗಿಸಿದ್ದರು. ನಾನು ಹಾಸಿನ ಮೇಲೆ ದುಪ್ಪಟಿ ಹೊದಿಸಲು ಹೋದೆ.

"ಏ, ಕೈ ತಗಿ! ಪೂಜಿ ಆದ ಮಗ್ಗ ನಾಳಿ ಮುಂಜಾನಿ ತನಕಾ ಯಾರೂ ಮುಟ್ಟಬಾರದು."

"ಧೂಳ ಬೀಳತೈತ್ರೀ ಅತ್ತಿ."

"ಬೀಳದಂಗ ಮಾಡು. ಮುಟ್ಟಬ್ಯಾಡ."

ಹೇಗೆ ಮಾಡಲಿ, ನನ್ನ ತಲೆ? ಒಬ್ಬರು ಕೆರೆಯುವುದು ಬಿಡರು, ಇನ್ನೊಬ್ಬರು ಮುಚ್ಚಗೊಡರು. ಗಂಡನಿಗೆ ಹೇಳೋಣವೆಂದರೆ ಆ ಪುಣ್ಯಾತ್ಮ ಲಗ್ನಕ್ಕೆ ಕರೆಯಲು ತೇರದಾಳಕ್ಕೆ ಹೋಗಿದ್ದ. ಕೊನೆಗೆ ಜಂತಿಗೆ ಹಗ್ಗ ಕಟ್ಟಿ, ಮಗ್ಗಕ್ಕೆ ತಾಗದಂತೆ ನಾಲ್ಕೂ ಕಡೆ ಒದ್ದೆ ಧೋತರ ಇಳಿಬಿಟ್ಟೆ. ಮೇಲಕ್ಕೆ ಮಾತ್ರ ಒಣ ದುಪ್ಪಟಿ ಕಟ್ಟಿದೆ, ಒದ್ದೆಯದಾದರೆ ನೀರು ತೊಟ್ಟಿಕ್ಕಿ ಗಂಜಿ ಬಿಟ್ಟೀತು. ನೆಲಕ್ಕೆ ನೀರು ಚಿಮುಕಿಸಿದೆ. ಕಂಬವನ್ನು ಒಣಗಿದ್ದಾಗ ಉಜ್ಜಬೇಡಿ, ತೋಯಿಸಿ ಉಜ್ಜಿರಿ ಎಂದು ಮಾವನವರ ಕೈಗೆ ಒದ್ದೆ ಅರಿವೆ ಕೊಟ್ಟೆ. ಧೋತರ ಆರಿದಂತೆಲ್ಲ ಮತ್ತೆ ತೋಯಿಸಿ ಹಾಕಿದೆ. ಮೂರು ಕಂಬ ಹೀಗೇ ಆದವು. ಧೋತರಗಳು ಕಪ್ಪಾದವು, ಒಳಗಿನ ಹಾಸು ಹಳದಿಯಾಗಿಯೇ ಇತ್ತು.

ನಾಲ್ಕನೆಯ ಕಂಬದ ಹೊತ್ತಿಗೆ ನೀರು ಮುಗಿದು ನಾನು ಬಾವಿಗೆ ಹೋದೆ. ಮಾವನವರಿಗೆ ಸೆಕೆಯಾಯಿತಂತೆ. ಧೂಳು ತಾನಾಗಿಯೇ ಹಾದುಹೋಗಲಿ ಎಂದು ಬೀದಿಬಾಗಿಲು, ಹಿತ್ತಲಬಾಗಿಲು ಎರಡನ್ನೂ ತೆರೆದುಬಿಟ್ಟರು! ನಾನು ಕೊಡ ಹೊತ್ತು ಹೊಸ್ತಿಲಿಗೆ ಬರುವಷ್ಟರಲ್ಲಿ ಗಾಳಿ ನುಗ್ಗಿ, ಆರಿದ ಧೋತರಗಳು ಜಂತಿಗೆ ಹಾರಿ, ಕಂಬದ ಬುಡದ ಮಸಿಯೆಲ್ಲ ಎದ್ದಿತ್ತು.

"ಬಾಗಲಾ ಹಾಕ್ರೀ ಮಾವಾರ!" ಎಂದು ಚೀರಿದೆ.

"ಯಾವ ಬಾಗಲಾ?" ಎಂದು ಕೇಳುತ್ತ ಅವರು ನಿಂತರು.

ಅಡಿಗೆಮನೆಯಿಂದ ಅತ್ತೆ ಓಡಿ ಬಂದರು. ಬಂದವರೇ ಮಗ್ಗದ ಕುಣಿಗೆ ಇಳಿದು, ತಲೆಯ ಮೇಲಿನ ಸೆರಗು ಎಳೆದು ಹಾಸಿನ ಮೇಲೆ ಹರವಿ, ಎರಡೂ ಕೈ ಅಗಲಿಸಿ ಅದರ ಮೇಲೆ ಬಾಗಿಬಿಟ್ಟರು.

ಎರಡೂ ಬಾಗಿಲು ನಾನೇ ಹಾಕಿದೆ. ಧೂಳು ಕೂತ ಮೇಲೆ ನೋಡಿದರೆ ಅತ್ತೆಯ ಬೆನ್ನು, ಕೂದಲು, ಕಿವಿ ಎಲ್ಲ ಕಪ್ಪು. ಸೆರಗಿನ ಕೆಳಗೆ ಹಾಸು ಹಳದಿ.

ಮಾವನವರಿಗೆ ಆಗ ಅಮಾವಾಸ್ಯೆಯ ನೇಮ ನೆನಪಾಯಿತು. "ಏ, ಮಗ್ಗ ಮುಟ್ಟಿಬಿಟ್ಟೆಲ್ಲ!"

"ಮಗ್ಗ ಯಾರು ಮುಟ್ಟ್ಯಾರ? ನಾ ನನ್ನ ಮಗಳ ಸೀರಿ ಮುಟ್ಟೇನಿ," ಎಂದರು ಅತ್ತೆ.

ಈ ಮಾತನ್ನು ಮುಂಜಾನೆಯೇ ಹೇಳಿದ್ದರೆ ಒಂದು ದುಪ್ಪಟಿ ಹೊದಿಸಿ ಹಾಯಾಗಿ ಕೂರುತ್ತಿದ್ದೆನಲ್ಲ! ಅಂದೇಬಿಡಬೇಕೆಂದು ಬಾಯಿ ತೆರೆದೆ. ಅವರು ಇನ್ನೂ ಕುಣಿಯಿಂದ ಎದ್ದಿರಲಿಲ್ಲ, ಸೆರಗಿನಂಚು ಎತ್ತಿ ಹಾಸಿನ ಎಳೆ ಎಳೆಯನ್ನೂ ನೋಡುತ್ತಿದ್ದರು. ಬಾಯಿ ಮುಚ್ಚಿಕೊಂಡು, ಒದ್ದೆ ಅರಿವೆ ತಂದು ಅವರ ಕೂದಲಿನ ಮಸಿ ಒರೆಸಿದೆ.