ತುಟಿಯ ಮೇಲಿನ ಮೊದಲ ಕೂದಲು

೧೯೯೯ರ ಫೆಬ್ರವರಿ ಹದಿನೆಂಟು, ಗುರುವಾರ. ಜಾವಗಲ್ಲಿನ ಗಿಡ್ಡಮ್ಮನ ಕರಿ ಮೇಕೆ ಬೆಳಗ್ಗೆ ತಿಂಗಳು ತುಂಬುವ ಮೊದಲೇ ಕಂದು ಹಾಕಿತು. ಮಧ್ಯಾಹ್ನ ಬಂದ ಜಾನುವಾರು ಶಿಬಿರದ ಮೇಲ್ವಿಚಾರಕ ದೇವೀರಪ್ಪ, ಸತ್ತ ಮರಿಯತ್ತ ಕಣ್ಣೂ ಹಾಯಿಸದೆ ವರದಿ ಬರೆದ: ‘ಜನವರಿ ಇಪ್ಪತ್ತರಂದು ಜಂತುಹುಳುವಿನ ಔಷಧಿ ಕುಡಿಸಿದಾಗ ಮೇಕೆ ಗಬ್ಬವಾಗಿರಲಿಲ್ಲ.’ ಎರಡನೆಯ ಸುತ್ತಿನ ಔಷಧಿ ನಾಳೆಯೇ ಎಂದು ಹೇಳಿ ಹೊರಟುಹೋದ.

ಗಬ್ಬದ ಮೇಕೆಗೆ ಆ ಔಷಧಿ ಆಗದೇನೋ ಎಂದು ಗಿಡ್ಡಮ್ಮನಿಗೆ ಅನುಮಾನ ಬಂತು. ಆಕೆಯ ಇನ್ನೊಂದು ಮೇಕೆ ಕೆಂಪಿ ಮೊದಲ ಸುತ್ತಿನಲ್ಲಿ ಗಿಡ್ಡಮ್ಮನ ತವರು ಹಾರನಹಳ್ಳಿಯಲ್ಲಿದ್ದುದರಿಂದ ತಪ್ಪಿಸಿಕೊಂಡಿತ್ತು. ಈಗ ಅದೂ ಗಬ್ಬ.

ಮೂವತ್ತು ವರ್ಷ ಊರಿನ ಮೇಕೆಗಳ ಹೆರಿಗೆ ನೋಡಿದ ಗಿಡ್ಡಮ್ಮ ಮರಿಯ ಚರ್ಮ ನೋಡಿ ತಿಂಗಳು ಹೇಳಬಲ್ಲಳು. ಒಂದು ತಿಂಗಳ ಪಿಂಡ ಹೆಬ್ಬೆರಳ ತುದಿಯಷ್ಟು. ಚರ್ಮ ಈರುಳ್ಳಿಯ ಒಳಪೊರೆಯಷ್ಟು ತೆಳು. ಮೂರು ತಿಂಗಳಿಗೆ ಚರ್ಮ ದಪ್ಪಗಾಗಿ ತುಟಿ, ಹುಬ್ಬುಗಳ ಮೇಲಷ್ಟೇ ಕೂದಲು ಮೂಡುತ್ತದೆ. ಮೈತುಂಬ ಕೂದಲು ಬರುವುದು ನಾಲ್ಕರ ಸುಮಾರಿಗೆ, ಹೆರಿಗೆ ಐದಕ್ಕೆ. ಆಕೆ ಒದ್ದೆ ಹೆಬ್ಬೆರಳನ್ನು ಮರಿಯ ತುಟಿಯ ಮೇಲೆ ಆಡಿಸಿದಳು: ಸಣ್ಣ ಕೂದಲು ತಾಕಿತು. ಬೆನ್ನು ಬೋಳು, ನುಣುಪು. ಅಂದರೆ ಮೂರು ತಿಂಗಳು. ಔಷಧಿ ಕುಡಿಸಿ ಇಪ್ಪತ್ತೊಂಬತ್ತು ದಿನ. ಅಂದು ಮೇಕೆ ಎರಡು ತಿಂಗಳ ಗಬ್ಬ.

“ಅವತ್ತೇ ಯಾಕೆ ಹೇಳ್ಲಿಲ್ಲ ಕಣೇ?” ಗಂಡ ತಮ್ಮಯ್ಯ ಗದರಿದ.

“ನಾಕು ತಿಂಗ್ಳು ತುಂಬೋಗಂಟ ಗಬ್ಬದ ಸುದ್ದಿ ಎತ್ತಬಾರ್ದು, ದೃಷ್ಟಿ ಆಯ್ತದೆ ಅಂತ ನಿಮ್ಮವ್ವನೇ ಅಲ್ವಾ ಹೇಳ್ಕೊಟ್ಟಿದ್ದು? ಆವಯ್ಯನೂ ಕೇಳ್ಲಿಲ್ಲ. ಕೇಳಿದ್ರೆ ಕೆಮ್ಮಿಯಾದ್ರೂ ತಿಳಿಸ್ತಿದ್ದೆ.”

ಮರುದಿನ ಔಷಧಿಯ ಸೀಸೆ ಕೆಂಪಿಯ ಬಾಯಿಯ ಹತ್ತಿರ ಬಂದಾಗ ಗಿಡ್ಡಮ್ಮ ಅಡ್ಡ ನಿಂತಳು. ಒದ್ದೆ ಗೋಣಿಯಲ್ಲಿ ಸುತ್ತಿಟ್ಟಿದ್ದ ಸತ್ತ ಮರಿಯನ್ನು ಬಿಚ್ಚಿ ತೋರಿಸಿದಳು.

“ತುಟಿ ಮುಟ್ಟಿ ನೋಡಿ ಸ್ವಾಮಿ.”

“ನೀನೇನು ಡಾಕ್ಟ್ರೇನಮ್ಮ?” ಎಂದ ದೇವೀರಪ್ಪ.

“ಅಲ್ಲ. ನೀವೂ ಅಲ್ವಲ್ಲ!”

ಸಾಲಿನಲ್ಲಿದ್ದವರು ನಕ್ಕರು. ಆಕೆ ನಗಲಿಲ್ಲ. ಅತ್ತೆಯ ಮಾತು ಮೀರಿ, ಎಲ್ಲರಿಗೂ ಕೇಳುವಂತೆ ಕೂಗಿದಳು: “ನನ್ ಕೆಂಪಿ ಎರಡು ತಿಂಗ್ಳು ಗಬ್ಬ ಐತೆ!”

ಹಿಂದೆ ನಿಂತಿದ್ದ ಶಿವಗಂಗಮ್ಮ ತನ್ನ ಮೇಕೆಯನ್ನು ಸಾಲಿನಿಂದ ಎಳೆದುಕೊಂಡಳು. ದೇವೀರಪ್ಪ ಸೀಸೆ ಕೆಳಗಿಟ್ಟ; ವರದಿಯನ್ನು ಮಾತ್ರ ತಿದ್ದಲಿಲ್ಲ.

ಔಷಧಿಯಿಂದಲೇ ಮೇಕೆ ಕಂದು ಹಾಕಿತೆಂದು ಗಿಡ್ಡಮ್ಮ ಹೇಳಿಲ್ಲ. ಗಬ್ಬವಿರಲಿಲ್ಲ ಎಂಬುದು ಸುಳ್ಳು, ಅಷ್ಟೇ. ಶಿಬಿರ ನಡೆಸುವ ಮಹನೀಯರೇ, ವರದಿಯ ಆ ವಾಕ್ಯವನ್ನು ಹೊಡೆದುಹಾಕಿ. ಇನ್ನು ಮುಂದೆ ಸೀಸೆಯ ಮುಚ್ಚಳ ತೆರೆಯುವ ಮುನ್ನ ಮೇಕೆ ಸಾಕಿದವಳನ್ನು ಪಕ್ಕಕ್ಕೆ ಕರೆದು, ಮೇಕೆ ಗಬ್ಬವೇ ಎಂದು ಯಾರಿಗೂ ಕೇಳಿಸದಂತೆ ವಿಚಾರಿಸಿ.