ನಗಬೇಡಿ ಅಕ್ಕ

ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ಅವಳ ಸ್ಟುಡಿಯೋ. ಪಾಸ್‌ಪೋರ್ಟಿಗೆ, ಗುರುತಿನ ಚೀಟಿಗೆ, ಕೆಲಸದ ಅರ್ಜಿಗೆ ಬೇಕಾಗುವ ಫೋಟೋ ತೆಗೆಯುವುದೇ ಹೊಟ್ಟೆಪಾಡು. ಸ್ಟೂಲಿನ ಮೇಲೆ ಕೂತವರಿಗೆ ಅವಳು ಹೇಳುವ ಮೊದಲ ಮಾತೂ ಕೊನೆಯ ಮಾತೂ ಒಂದೇ: ನಗಬೇಡಿ. ಅಂಥ ಫೋಟೋಗೆ ನಗಬಾರದು, ಒಪ್ಪೋಣ. ಆದರೆ ಹಾಲುಗಲ್ಲದ ಕೂಸಿಗೂ, ನೆನಪಿಗಿರಲೆಂದು ಬಂದ ಹೊಸ ಜೋಡಿಗೂ ಹಾಗೇ ಗದರುವವರನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಬೀದಿಯವರು ಅವಳನ್ನು ‘ನಗಬೇಡಿ ಅಕ್ಕ’ ಎಂದೇ ಕರೆಯುತ್ತಾರೆ. ಎದುರಿಗೆ ಕರೆದರೂ ಅವಳಿಗೆ ಬೇಸರವಿಲ್ಲ. ಹಾಗಂತ ನಗುವುದೂ ಇಲ್ಲ.

ವಾರದ ರಜೆಯ ದಿನ ಮಾತ್ರ ಅವಳು ಬೇರೆಯೇ ಹೆಂಗಸು. ಬೆಳಕು ಹರಿಯುತ್ತಲೇ ಮುದಿ ಅಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕಡಲ ದಂಡೆಗೆ ಹೋಗುತ್ತಾಳೆ. ಅಲ್ಲಿ ಮರಳಿನದೇ ಬಣ್ಣದ ಪುಟ್ಟ ಹಕ್ಕಿಗಳು ಬಟ್ಟಬಯಲಿನಲ್ಲೇ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ಮರಿಯೆಂದರೆ ಎರಡು ಬೆಂಕಿಕಡ್ಡಿಯ ಮೇಲೆ ಕೂರಿಸಿದ ಹತ್ತಿಯುಂಡೆ. ಚಳಿಯಾದರೆ ಮೂರು ಮರಿಗಳೂ ಓಡಿ ಬಂದು ತಾಯಿಯ ಹೊಟ್ಟೆಯಡಿ ನುಗ್ಗುತ್ತವೆ. ಆಗ ಹಕ್ಕಿ ಒಂದು, ಕಾಲು ಎಂಟು. ಆ ಒಂದು ಫೋಟೋಗಾಗಿ ಅವಳು ದಿಂಬಿನ ಚೀಲಕ್ಕೆ ಮರಳು ತುಂಬಿ, ಅದರ ಮೇಲೆ ಲೆನ್ಸ್ ಇಟ್ಟು, ವರ್ಷಗಟ್ಟಲೆ ಹೊಟ್ಟೆಯ ಮೇಲೆ ಮಲಗಿದ್ದಾಳೆ. ಪ್ರತಿಸಲವೂ ಒಂದಲ್ಲ ಒಂದು ವಿಘ್ನ. ನಾಯಿ ಬರುತ್ತದೆ, ಕಾಗೆ ಬರುತ್ತದೆ, ಇಲ್ಲವೇ ಅಪ್ಪ ಕೆಮ್ಮುತ್ತಾನೆ.

ಅಪ್ಪನ ಮೇಲಿನ ಪ್ರೀತಿಗೆ ಜೊತೆಗೆ ಕರೆದೊಯ್ಯುತ್ತಾಳೆ ಎಂದು ಬೀದಿಯವರ ಎಣಿಕೆ. ಅವಳಿಗೆ ಬೇಕಾಗಿದ್ದುದು ಒಂದು ಉತ್ತರ. ನಾಲ್ಕು ಗೋಡೆಯ ನಡುವೆ ಅಪ್ಪನ ಬಾಯಿಂದ ಹೊರಡದ್ದು ಬಯಲಿನಲ್ಲಾದರೂ ಹೊರಟೀತು ಎಂದು ಕಾಯುತ್ತಿದ್ದಳು.

ಅಪ್ಪ ಹಿಂದೆ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುವಂತೆ, ಮೇಸ್ತ್ರಿಯ ಮೇಲಿನ ಸಿಟ್ಟನ್ನು ಮನೆಯವರೆಗೆ ಹೊತ್ತು ತಂದು ಮಗಳ ಮೇಲೆ ತೀರಿಸುತ್ತಿದ್ದ. ಅವನ ಕೈ ಮೇಲೇಳುವುದೇ ತಡ, ಅಮ್ಮ ಎದೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ಕುಸಿದು ಬೀಳುತ್ತಿದ್ದಳು. ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ ಅಪ್ಪನ ಸಿಟ್ಟು ಇಳಿದುಹೋಗುತ್ತಿತ್ತು. ಅವನು ನೀರು ತರಲು ಓಡುತ್ತಿದ್ದ. ಅವನ ಬೆನ್ನು ತಿರುಗಿದೊಡನೆ ಅಮ್ಮ ಮಗಳತ್ತ ಒಂದು ಕಣ್ಣು ತೆರೆದು ಮಿಟುಕಿಸುವಳು. ಅದು ತಾಯಿ ಮಗಳ ಗುಟ್ಟಿನ ನಾಟಕ.

ಮಗಳಿಗೆ ಹತ್ತು ವರ್ಷವಾಗಿದ್ದಾಗ ಒಂದು ಸಂಜೆ ಅಮ್ಮ ಹಾಗೇ ಬಿದ್ದಳು. ಅಪ್ಪ ಓಡಲಿಲ್ಲ, ಕುರ್ಚಿಯಲ್ಲೇ ಕೂತ. ಅಮ್ಮನ ಕಣ್ಣು ತೆರೆಯಲಿಲ್ಲ. ಡಾಕ್ಟರು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಗಿರಾಕಿಗಳಿಲ್ಲದ ಮಧ್ಯಾಹ್ನ, ಸ್ಟುಡಿಯೋದ ಪರದೆಯ ಹಿಂದೆ ಯಾರೋ ಧೊಪ್ಪನೆ ಬಿದ್ದ ಸದ್ದು ಅವಳಿಗೆ ಈಗಲೂ ಕೇಳಿಸುತ್ತದೆ. ಪ್ರತಿಸಲವೂ ಎದ್ದು ಹೋಗಿ ನೋಡುತ್ತಾಳೆ. ಅಲ್ಲಿ ಯಾರೂ ಇರುವುದಿಲ್ಲ. ಆವತ್ತು ನೀನು ಕುರ್ಚಿಯಿಂದ ಯಾಕೆ ಏಳಲಿಲ್ಲ ಎಂದು ಅಪ್ಪನನ್ನು ಕೇಳಿದಾಗಲೆಲ್ಲ ಅವನು ತಪ್ಪು ತನ್ನದೇ ಎಂದು ಹೇಳಿ ತಲೆ ತಗ್ಗಿಸುತ್ತಿದ್ದ. ಅವಳು ಅವನಿಗೆ ಹೊತ್ತುಹೊತ್ತಿಗೆ ಅನ್ನ ಹಾಕಿದಳು, ಮಾತ್ರೆ ಕೊಟ್ಟಳು. ಕ್ಷಮಿಸಲು ಮಾತ್ರ ಆಗಲಿಲ್ಲ.

ಅಂಥದೊಂದು ರಜೆಯ ದಿನ ದಂಡೆಯಲ್ಲಿ ಗಾಳಿಯಿರಲಿಲ್ಲ, ಎಳೆಬಿಸಿಲು ಹದವಾಗಿತ್ತು. ತಾಯಿಹಕ್ಕಿ ಗರಿ ಉಬ್ಬಿಸಿ ಕೂತು ಕರೆಯಿತು. ಮರಿಗಳು ಓಡಿ ಬಂದವು. ಅವಳ ಬೆರಳು ಗುಂಡಿಯ ಮೇಲಿತ್ತು. ಅಷ್ಟರಲ್ಲಿ ಕೂತು ಕೂತು ಕಾಲು ಜೋಮು ಹಿಡಿದ ಅಪ್ಪ ಎದ್ದು ನಿಂತ. ಮರಿಗಳು ಇದ್ದಲ್ಲೇ ನೆಲಕ್ಕಂಟಿ ಮರಳಿನಲ್ಲಿ ಮಾಯವಾದವು. ತಾಯಿಹಕ್ಕಿ ಒಂದು ರೆಕ್ಕೆಯನ್ನು ಮುರಿದಂತೆ ಎಳೆದುಕೊಂಡು, ಕಿರಲುತ್ತಾ ಅಪ್ಪನ ಮುಂದೆಯೇ ಹೊರಟಿತು. ಅವನು ಬಗ್ಗಿಕೊಂಡು ಅದರ ಹಿಂದೆ ನಡೆದ.

“ಅದು ನಾಟಕ ಅಪ್ಪ,” ಎಂದಳು ಅವಳು ಸಿಡುಕಿ. “ಮರಿಗಳಿಂದ ನಿನ್ನನ್ನ ದೂರ ಕರ್ಕೊಂಡು ಹೋಗ್ತಿದೆ, ಅಷ್ಟೆ.”

“ಗೊತ್ತು ಕಣೇ. ಹಿಂದೆ ಹೋದ್ರೆ ಅದಕ್ಕೊಂದು ಸಮಾಧಾನ.” ಅವನು ತಿರುಗಿ ನೋಡಲಿಲ್ಲ. “ನಿಮ್ಮಮ್ಮಂದೂ ಗೊತ್ತಿತ್ತು. ನೀರು ತರೋಕೆ ಓಡಿದ್ರೆ ನನ್ನ ಕೈಗೂ ಬೇರೆ ಕೆಲಸ ಸಿಗ್ತಿತ್ತು.”

ಅವಳು ಎದ್ದು ಕೂತಳು. “ಮತ್ತೆ ಆವತ್ತು ಯಾಕೆ ಏಳ್ಲಿಲ್ಲ?”

ಅವನ ಗಮನವೆಲ್ಲ ಹಕ್ಕಿಯ ಮೇಲಿತ್ತು. “ಎದ್ದಿದ್ದೆ. ಅಷ್ಟರಲ್ಲಿ ನೀನು ನಕ್ಕೆ. ಮಗೂನೇ ನಗ್ತಿದೆ ಅಂದ್ಮೇಲೆ ಇದೂ ದಿನದ ಹಾಗೇ ಅಂತ ಕೂತುಬಿಟ್ಟೆ.”

ಹಕ್ಕಿ ಪುರ್ರನೆ ಹಾರಿತು. ಆಡಿದ್ದೇನೆಂದು ಆಗ ಅವನಿಗೆ ಹೊಳೆಯಿತು.

ಅವಳು ನಕ್ಕಿದ್ದು ನಿಜ. ಅಮ್ಮ ಕಣ್ಣು ಮಿಟುಕಿಸುವುದು ತಡವಾಯಿತೆಂದು, ತಾನೇ ಮೊದಲು ಕಿಸಕ್ಕೆಂದಿದ್ದಳು. ಆ ನಗುವನ್ನು ಯಾರಿಗೂ ಹೇಳಿರಲಿಲ್ಲ, ಯಾರಿಗೂ ಕೇಳಿಸಿಲ್ಲವೆಂದು ನಂಬಿಕೊಂಡೇ ಬದುಕಿದ್ದಳು. ಅಪ್ಪನಿಗೆ ಕೇಳಿಸಿತ್ತು. ಕೇಳಿಸಿಯೂ ಅವನು ಇಷ್ಟು ವರ್ಷ ತಪ್ಪು ತನ್ನದೇ ಎನ್ನುತ್ತ ಅವಳ ಸಿಟ್ಟನ್ನು ತನ್ನ ಕಡೆಗೇ ಎಳೆದುಕೊಂಡಿದ್ದ. ಅವಳೂ ಕಣ್ಣು ಮುಚ್ಚಿ ಅವನ ಹಿಂದೆಯೇ ಹೋಗಿದ್ದಳು.

“ಇಲ್ಲ ಕಣೇ, ಏನೋ ಅರಳುಮರಳು. ತಪ್ಪು ನಂದೇ,” ಎಂದ ಅಪ್ಪ. ಅವಳ ಮುಖ ನೋಡಿ, ಅಯ್ಯೋ ಮಂಡಿ ಎನ್ನುತ್ತ ಮರಳಿನಲ್ಲಿ ಕುಸಿದು ಕೂತ. ಒಂದು ಗಳಿಗೆಯ ಹಿಂದೆ ಆ ಮಂಡಿ ನೆಟ್ಟಗೇ ಇತ್ತು.

ಇತ್ತ ತಾಯಿಹಕ್ಕಿ ಮರಳಿ ಬಂದು ಕೂತಿತ್ತು. ಮರಿಗಳು ಒಂದೊಂದಾಗಿ ಎದ್ದು ಅದರ ಹೊಟ್ಟೆಯಡಿ ಸೇರುತ್ತಿದ್ದವು. ಅವಳಿಗದು ಕಾಣಿಸಿತು. ಕ್ಯಾಮೆರಾವನ್ನು ಅಲ್ಲೇ ಬಿಟ್ಟು ಓಡಿದಳು. ನೋವು ನಿಜವೋ ಸುಳ್ಳೋ ಎಂದು ನಿಂತು ನೋಡಲಿಲ್ಲ. ಅಪ್ಪನ ಮುಂದೆ ಮಂಡಿಯೂರಿ ಕೂತು, ಅವನ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಎಲ್ಲಿ ನೋವಪ್ಪ?” ಎಂದಳು.

ಎಲ್ಲಿ ಎಂದು ತೋರಿಸಲು ಅವನಿಂದ ಆಗಲಿಲ್ಲ.