ಒಂದು ಹಳೆಯ ಕಾರ್ಡಿನ ಜಾಡಿನಲ್ಲಿ ಪೀಣ್ಯದವರೆಗೆ

ಶನಿವಾರ ಬೆಳಿಗ್ಗೆ ಏಳೂವರೆಗೆ ಬ್ರೂಕ್‌ಫೀಲ್ಡಿನ ನಮ್ಮ ಅಪಾರ್ಟ್‌ಮೆಂಟಿನ ಗೇಟು ದಾಟಿದಾಗ ನನ್ನ ಚೀಲದಲ್ಲಿ ಒಂದು ಸ್ಕ್ರೂಡ್ರೈವರ್ ಸೆಟ್ಟು, ಒಂದು ಟವೆಲ್ಲು, ನೀರಿನ ಬಾಟಲಿ ಮತ್ತು ನಮ್ಮ ನಿವಾಸಿಗಳ ಸಂಘ ಕೊಟ್ಟಿದ್ದ ಒಂದು ರಸೀದಿ ಇದ್ದವು. ರಸೀದಿಯಲ್ಲಿ ‘ಹಳೆಯ ಕಂಪ್ಯೂಟರ್, ಒಂದು’ ಎಂದು ಬರೆದಿತ್ತು. ಆ ಕಂಪ್ಯೂಟರನ್ನು ಹುಡುಕಿ ಸಂಜೆಯೊಳಗೆ ಪೀಣ್ಯಕ್ಕೆ ಮುಟ್ಟಿಸದಿದ್ದರೆ ನನ್ನ ದೊಡ್ಡಪ್ಪನ ಮಗಳು ಯಶೋದಕ್ಕನ ಲೋಹ ಕಡೆಯುವ ಲೇತ್ ಯಂತ್ರ ಭಾನುವಾರ ಬೆಳಿಗ್ಗೆ ಗುಜರಿಗೆ ಹೋಗುತ್ತಿತ್ತು. ಇದಕ್ಕೆಲ್ಲ ಕಾರಣ ನಾನೇ.

ನಾನು ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವವನು. ಅದು ಹೊಟ್ಟೆಪಾಡು. ಹುಚ್ಚು ಬೇರೆ ಇದೆ. ಮಾಸಪತ್ರಿಕೆಯೊಂದಕ್ಕೆ ತಿಂಗಳಿಗೊಂದು ಲೇಖನ ಬರೆದು ಯಾವ ಫೋನು ಕೊಳ್ಳಬೇಕು, ಯಾವ ಲ್ಯಾಪ್‌ಟಾಪ್ ದಂಡ, ಟ್ಯಾಬ್ಲೆಟ್ಟು ಬಂದ ಮೇಲೆ ಮೇಜಿನ ಕಂಪ್ಯೂಟರಿಗೆ ಇನ್ನೆಷ್ಟು ಆಯುಸ್ಸು ಎಂದೆಲ್ಲ ತೀರ್ಪು ಕೊಡುತ್ತೇನೆ. ಬಂಧುಬಳಗದಲ್ಲಿ ಯಾರು ಏನು ಕೊಳ್ಳುವುದಾದರೂ ನನಗೇ ಫೋನು. ಕೇಳದಿದ್ದರೂ ಹೇಳುತ್ತೇನೆ ಎಂಬುದು ನನ್ನ ಹೆಂಡತಿಯ ದೂರು. ಯಶೋದಕ್ಕ ಕೇಳಿರಲಿಲ್ಲ.

ಹಿಂದಿನ ಭಾನುವಾರ ಪೀಣ್ಯದ ಅವಳ ವರ್ಕ್‌ಶಾಪಿಗೆ ಸುಮ್ಮನೆ ಹೋದವನು ಲೇತಿನ ಪಕ್ಕದಲ್ಲಿದ್ದ ಮಾಸಲು ಬಣ್ಣದ ಕಂಪ್ಯೂಟರ್ ಕಂಡು ಗಾಬರಿಗೊಂಡೆ. ಫ್ಲಾಪಿ ಡ್ರೈವ್ ಇತ್ತು! ಅಕ್ಕ ನೀರಿನ ಪಂಪುಗಳಿಗೆ ಹಿತ್ತಾಳೆಯ ಬುಶ್, ಅಂದರೆ ಒಳಗಿನ ದಂಡ ತಿರುಗುವ ಬಳೆ, ಮಾಡಿಕೊಡುತ್ತಾಳೆ. ಅವಳಿಗಿರುವುದು ಅದೊಂದೇ ಲೇತು, ಅದನ್ನು ನಡೆಸುವುದು ಆ ಕಂಪ್ಯೂಟರು, ಕಂಪ್ಯೂಟರನ್ನು ನಡೆಸುವವನು ಬಾದಾಮಿ ಕಡೆಯ ಈರಪ್ಪ. ಹನ್ನೊಂದು ವರ್ಷದಿಂದ ಅವನು ಅಲ್ಲಿದ್ದಾನೆ. ನಾನು ಮನೆಯಲ್ಲಿ ಖಾಲಿ ಬಿದ್ದಿದ್ದ ಹೊಸ ಕಂಪ್ಯೂಟರನ್ನು ಅಂದೇ ತಂದುಕೊಟ್ಟೆ. ಮೂರು ಗಂಟೆ ಕೂತು ಹಳೆಯದರಲ್ಲಿದ್ದ ಒಂದೊಂದು ಫೈಲನ್ನೂ ಹೊಸದಕ್ಕೆ ಸೇರಿಸಿದೆ. ಲೇತಿನಿಂದ ಬರುವ ದಪ್ಪ ವಯರಿಗೆ ಹೊಸದರಲ್ಲಿ ಕಿಂಡಿ ಇರಲಿಲ್ಲ. ಅದಕ್ಕೊಂದು ಯುಎಸ್‌ಬಿ ಪರಿವರ್ತಕ ಸಿಕ್ಕಿಸಿದರಾಯಿತು ಎಂದೆ. ಅವತ್ತು ಲೇತಿನ ಲೈನಿಗೆ ಕರೆಂಟು ಇರಲಿಲ್ಲ, ಹಾಗಾಗಿ ತಿರುಗಿಸಿ ನೋಡಲಿಲ್ಲ. ಹಳೆಯ ಡಬ್ಬಿಯನ್ನು ಕಾರಿನ ಡಿಕ್ಕಿಗೆ ಹಾಕಿಕೊಂಡು ಬಂದು, ಸೋಮವಾರ ನಮ್ಮ ಅಪಾರ್ಟ್‌ಮೆಂಟಿನ ಇ-ತ್ಯಾಜ್ಯ ಸಂಗ್ರಹದ ಶಿಬಿರಕ್ಕೆ ಕೊಟ್ಟೆ. ಪ್ರತಿಯಾಗಿ ಒಂದು ತುಳಸಿ ಸಸಿ ಕೊಟ್ಟರು.

ಸೋಮವಾರ ಲೇತು ಅಲುಗಾಡಲಿಲ್ಲ. ಮೂರು ದಿನ ನಾನು ಫೋನಿನಲ್ಲೇ ‘ಆಫ್ ಮಾಡಿ ಆನ್ ಮಾಡಿ’ ಎಂದು ಪಂಡಿತನಂತೆ ಹೇಳುತ್ತಿದ್ದೆ. ಗುರುವಾರ ಖುದ್ದಾಗಿ ಹೋದಾಗ ಅರ್ಥವಾಯಿತು. ಲೇತು ಮಾತಾಡುತ್ತಿದ್ದುದು ಫೈಲುಗಳ ಜೊತೆಗಲ್ಲ, ಹಳೆಯ ಕಂಪ್ಯೂಟರಿನ ಒಳಗಿದ್ದ ಒಂದು ಉದ್ದನೆಯ ಸರ್ಕ್ಯೂಟ್ ಕಾರ್ಡಿನ ಜೊತೆಗೆ. ಅದನ್ನು ಮಾಡಿಕೊಟ್ಟಿದ್ದ ಪೀಣ್ಯದ ಎಂಜಿನಿಯರು ಅಂಗಡಿ ಮುಚ್ಚಿ ವರ್ಷಗಳಾಗಿದ್ದವು. ಬುಶ್ ಕೊಳ್ಳುವ ಪಂಪ್ ಕಾರ್ಖಾನೆಯವರು ಸೋಮವಾರದವರೆಗೆ ಕಾಯುತ್ತೇವೆ, ಆಮೇಲೆ ಬೇರೆ ಕಡೆ ಮಾಡಿಸುತ್ತೇವೆ ಎಂದರು. ಕೆಲಸವೇ ಇಲ್ಲದ ಮೇಲೆ ಯಂತ್ರ ಇಟ್ಟುಕೊಂಡು ಮಾಡುವುದೇನು ಎಂದು ಅಕ್ಕ ಗುಜರಿಯವನಿಗೆ ಭಾನುವಾರ ಕ್ರೇನ್ ತರಲು ಹೇಳಿಬಿಟ್ಟಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೂಡಿಗೆ ನಾಲ್ಕು ಕಿಲೋಮೀಟರು, ಬಸ್ಸಿನಲ್ಲಿ ಇಪ್ಪತ್ತೈದು ನಿಮಿಷ. ಪದೇ ಪದೇ ಬಸ್ಸು ಬದಲಿಸಬೇಕಾದೀತೆಂದು ನಲವತ್ತೈದು ರೂಪಾಯಿಯ ದಿನದ ಪಾಸು ತೆಗೆದುಕೊಂಡೆ. ಕಾರು ತರಬಹುದಿತ್ತು, ಆದರೆ ಹೆಂಡತಿ ಕಾರಿನ ಕೀಲಿ ಕೊಡಲಿಲ್ಲ, ‘ಇವತ್ತು ಸ್ವಲ್ಪ ಅನುಭವಿಸಿ’ ಎಂದಳು. ಹೂಡಿ ಸರ್ಕಲ್ಲಿನಲ್ಲಿ ಎರಡು ಇಡ್ಲಿ, ಒಂದು ವಡೆ ತಿಂದು ವಿಳಾಸ ಕೇಳಿಕೊಂಡು ಹೋದೆ. ಎರಡು ಟೆಕ್ ಪಾರ್ಕುಗಳ ಗಾಜಿನ ಗೋಡೆಗಳ ನಡುವೆ ತಗಡಿನ ಶೆಡ್ಡೊಂದಿತ್ತು. ಸಂಗ್ರಹವಾದ ಇ-ತ್ಯಾಜ್ಯವೆಲ್ಲ ಮೊದಲು ಬರುವುದು ಅಲ್ಲಿಗೆ.

ಶೆಡ್ಡಿನ ಯಜಮಾನ ಮುನಿರಾಜು, ಹೂಡಿಯ ಮೂಲ ನಿವಾಸಿ. ಅರವತ್ತರ ಹತ್ತಿರದ ವಯಸ್ಸು, ಮೇಲೆ ಬಿಳಿ ಶರ್ಟು, ಕೈಯಲ್ಲಿ ತೂಕದ ಪುಸ್ತಕ. ಶೆಡ್ಡು ನಿಂತ ಜಾಗದಲ್ಲಿ ಹಿಂದೆ ಅವರ ಹುರುಳಿ ಹೊಲವಿತ್ತಂತೆ. ರಸೀದಿ ತೋರಿಸಿದೆ.

“ಬುಧವಾರಾನೇ ಲೋಡ್ ವೋಯ್ತಲ್ಲ ಸಾರ್, ಬೊಮ್ಮಸಂದ್ರಕ್ಕೆ. ಇಲ್ಲಿ ತೂಕ ಆಕಿ ಕಳ್ಸೋದು ಅಷ್ಟೇಯ. ಒಡೆಯೋದು ಬಿಚ್ಚೋದು ಎಲ್ಲ ಅಲ್ಲಿ,” ಎಂದರು. “ಯಾಕೆ, ಒಳಗೆ ಫೋಟೋ ಗೀಟೋ ಬಿಟ್ರಾ? ವಾರಕ್ಕೊಬ್ರು ಬತ್ತಾರೆ ಇಂಗೇ.”

“ಫೋಟೋ ಅಲ್ಲ. ಒಂದು ಕಾರ್ಡು ಬೇಕಿತ್ತು.”

“ಅಂಗಾದ್ರೆ ಬೇಗ ವೋಗಿ. ಅಲ್ಲಿ ಮುನಿಲಕ್ಷ್ಮಿ ಅಂತ ಅವ್ಳೆ, ಅವಳನ್ನ ಕೇಳಿ. ಅವಳ ಕಣ್ಣು ತಪ್ಪಿಸಿ ಒಂದು ಮೊಳೆ ಆಚೀಗೆ ವೋಗಲ್ಲ.”

ಹೊರಡಬೇಕಾದವನು ಹತ್ತು ನಿಮಿಷ ನಿಂತುಬಿಟ್ಟೆ, ನನ್ನ ಚಪಲ. ರಾಶಿಯ ಮೇಲ್ಭಾಗದಲ್ಲಿ ಒಂದು ಪುಟ್ಟ ನೆಟ್‌ಬುಕ್ ಇತ್ತು. ಎರಡೇ ವರ್ಷದ ಹಿಂದೆ ಅದಕ್ಕೆ ನಾನು ಐದಕ್ಕೆ ನಾಲ್ಕೂವರೆ ಅಂಕ ಕೊಟ್ಟು, ಇನ್ನು ಮುಂದೆ ಎಲ್ಲರ ಕೈಯಲ್ಲೂ ಇದೇ ಎಂದು ಬರೆದಿದ್ದೆ. ಅದರ ಪಕ್ಕದಲ್ಲಿ ಬುಟ್ಟಿಗಟ್ಟಲೆ ಚಾರ್ಜರುಗಳಿದ್ದವು, ಒಂದರ ಮೂತಿ ಇನ್ನೊಂದಕ್ಕೆ ಹೊಂದದವು. ಪ್ರತಿ ಫೋನಿಗೂ ಬೇರೆ ಚಾರ್ಜರು ಮಾಡುವವರ ಮೇಲೆ ನನಗೆ ಹಳೆಯ ಸಿಟ್ಟಿದೆ, ಅಲ್ಲಿ ಅದು ಇನ್ನಷ್ಟು ಏರಿತು. ಬ್ಯಾಟರಿ ತೆಗೆಯಲು ಬಾರದ ತೆಳ್ಳನೆಯ ಫೋನುಗಳನ್ನು ಮುನಿರಾಜು ಬೇರೆ ಡ್ರಮ್ಮಿನಲ್ಲಿ ಇಟ್ಟಿದ್ದರು. ಬಿಚ್ಚುವವರು ಅವಕ್ಕೆ ಹೆದರುತ್ತಾರಂತೆ, ಕೆಲವು ಹೊತ್ತಿಕೊಳ್ಳುತ್ತವಂತೆ. ತೆಳ್ಳಗಿದ್ದಷ್ಟೂ ಚೆಂದ ಎಂದು ನಾನು ಬರೆದಾಗ ಯಾರೋ ಒಬ್ಬರು ಇದನ್ನು ಬಿಚ್ಚಬೇಕಾಗುತ್ತದೆ ಎಂದು ಹೊಳೆದಿರಲಿಲ್ಲ.

ಹೂಡಿಯಿಂದ ಮಾರತ್‌ಹಳ್ಳಿ, ಅಲ್ಲಿಂದ ವರ್ತುಲ ರಸ್ತೆಯ ಬಸ್ಸಿನಲ್ಲಿ ಸಿಲ್ಕ್ ಬೋರ್ಡು, ಅಲ್ಲಿಂದ ಇನ್ನೊಂದು ಬಸ್ಸು. ಮೂವತ್ತು ಕಿಲೋಮೀಟರಿಗೆ ಎರಡೂವರೆ ಗಂಟೆ ಹಿಡಿಯಿತು. ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆಯ ಮೇಲೆ ಟೋಲ್ ಕಟ್ಟಿದ ಕಾರುಗಳು ಹಾರುತ್ತಿದ್ದವು. ಕೆಳಗೆ ನಮ್ಮ ಬಸ್ಸು ಕಂಬದಿಂದ ಕಂಬಕ್ಕೆ ತೆವಳುತ್ತಿತ್ತು. ಫೆಬ್ರವರಿ ಮುಗಿಯುವ ಮುಂಚೆಯೇ ಬಿಸಿಲು ಸುಡುತ್ತಿತ್ತು. ಬಸ್ಸಿನಲ್ಲಿ ಕೂತವರ ಕೈಯಲ್ಲೆಲ್ಲ ಫೋನು. ಯಾರ ಕೈಯಲ್ಲಿ ಯಾವ ಮಾದರಿಯಿದೆ ಎಂದು ಎಣಿಸುವುದು ನನ್ನ ಮಾಮೂಲಿ ಆಟ, ಅವತ್ತು ಅದರಲ್ಲೂ ಮನಸ್ಸು ನಿಲ್ಲಲಿಲ್ಲ. ಬೊಮ್ಮಸಂದ್ರದಲ್ಲಿ ಇಳಿದಾಗ ಹನ್ನೆರಡು ದಾಟಿತ್ತು.

ಬಿಚ್ಚುವ ಘಟಕ ನಾನು ಊಹಿಸಿದ್ದಕ್ಕಿಂತ ಅಚ್ಚುಕಟ್ಟಾಗಿತ್ತು. ಉದ್ದನೆಯ ಮೇಜುಗಳ ಎರಡೂ ಬದಿಗೆ ಹೆಂಗಸರು ಕೈಗವಸು ಹಾಕಿಕೊಂಡು ಕೂತು ಸ್ಕ್ರೂ ಬಿಚ್ಚುತ್ತಿದ್ದರು. ಒಬ್ಬರು ತಗಡು, ಒಬ್ಬರು ವಯರು, ಒಬ್ಬರು ಹಸಿರು ಬೋರ್ಡು, ಹೀಗೆ ಬೇರೆ ಬೇರೆ ಬುಟ್ಟಿಗೆ. ಕೊನೆಯಲ್ಲಿ ಒಂದು ಕಬ್ಬಿಣದ ಕಟ್ಟೆ, ಅದರ ಮೇಲೆ ಸುತ್ತಿಗೆ. ಮುನಿಲಕ್ಷ್ಮಿ ಈ ಸಾಲಿನ ಮೇಲ್ವಿಚಾರಕಿ, ಬೇಗೂರಿನವರು. ಬೇಗೂರಿನಿಂದ ಇಲ್ಲಿಗೆ ದಿನಾ ಎರಡು ಬಸ್ಸು ಹಿಡಿದು ಬರುತ್ತಾರೆ. ಹೇಳಿದ್ದನ್ನೆಲ್ಲ ಕೇಳಿ ತಲೆ ಅಲ್ಲಾಡಿಸಿದರು.

“ಹೂಡಿ ಲೋಡು ನಿನ್ನೇನೇ ಮುಗಿದೋಯ್ತು ಸಾರ್. ಡಿಸ್ಕ್ ಪುಡಿ, ಡಬ್ಬ ಚೂರು ಚೂರು. ಕಾರ್ಖಾನೇದು ಅಂತೀರಾ? ಮೇಲೆ ಕುಂಕುಮ ಇತ್ತಾ?”

ನನಗೆ ಪ್ರಶ್ನೆ ಅರ್ಥವಾಗಲಿಲ್ಲ. ಅವರು ಮೂಲೆಯ ಕಪಾಟನ್ನು ತೋರಿಸಿದರು. ಎಂಟು ಹತ್ತು ಹಳೆಯ ಕಂಪ್ಯೂಟರುಗಳು, ಎಲ್ಲದರ ಹಣೆಯ ಮೇಲೂ ಆಯುಧಪೂಜೆಯ ಅರಿಶಿನ ಕುಂಕುಮ.

“ದೊಡ್ಡ ಕಂಪ್ನಿಯವು ಚೊಕ್ಕವಾಗಿ ಬರ್ತವೆ. ಸಣ್ಣ ಕಾರ್ಖಾನೆಯವು ಇಂಗೆ ಬೊಟ್ಟು ಇಟ್ಕೊಂಡೇ ಬರ್ತವೆ. ಅನ್ನ ಕೊಟ್ಟಿದ್ದು ಅಲ್ವಾ, ಬೊಟ್ಟಿನ ಮೇಲೆ ಸುತ್ತಿಗೆ ಆಕಕ್ಕೆ ನಮ್ಮ ಹೆಂಗಸ್ರು ಒಪ್ಪಲ್ಲ. ಶನಿವಾರ ಸಾಯಂಕಾಲ ತೊಳ್ದು, ಕೈ ಮುಗ್ದು, ಸೋಮವಾರ ಬಿಚ್ತೀವಿ. ನಿಮ್ದು ಇದ್ರೆ ಇಲ್ಲೇ ಇರ್ಬೇಕು, ನೋಡ್ಕಳಿ.”

ನೋಡಬೇಕಾದ ಅಗತ್ಯವಿರಲಿಲ್ಲ. ಈರಪ್ಪನ ಕಂಪ್ಯೂಟರಿನ ಮುಖದ ಮೇಲೂ ಹನ್ನೊಂದು ಆಯುಧಪೂಜೆಗಳ ಕುಂಕುಮ ಗಟ್ಟಿಯಾಗಿ ಕೂತಿತ್ತು. ಶಿಬಿರದಲ್ಲಿ ಅಕ್ಕಪಕ್ಕದ ಫ್ಲ್ಯಾಟಿನವರು ನೋಡಿ ನಕ್ಕಾರೆಂದು ನಾನು ಭಾನುವಾರ ಸಂಜೆ ಬಾಲ್ಕನಿಯಲ್ಲಿ ಕೂತು, ಸೀಮೆಎಣ್ಣೆ ಹಚ್ಚಿ, ಅದನ್ನು ಉಜ್ಜಿ ಉಜ್ಜಿ ಒರೆಸಿದ್ದೆ. ಮುನಿಲಕ್ಷ್ಮಿಗೆ ಅದನ್ನು ಹೇಳಿದೆ. ಮೇಜಿನಲ್ಲಿದ್ದ ಇಬ್ಬರು ಹೆಂಗಸರು ತಲೆಯೆತ್ತಿ ನೋಡಿದರು. ಎಪ್ಪತ್ತು ಕಿಲೋಮೀಟರ್ ಪ್ರಯಾಣದ ಅರ್ಧದಲ್ಲೇ ನನ್ನ ಕೆಲಸ ಮುಗಿದಿತ್ತು. ನನಗೆ ಅಳು ಬಂತು, ಅತ್ತರೆ ಇನ್ನೂ ನಗೆಪಾಟಲು ಎಂದು ಬಾಟಲಿಯ ನೀರು ಕುಡಿದೆ.

“ಉದ್ದ ಕಾರ್ಡು ಅಂದ್ರಲ್ಲ,” ಎಂದರು ಮುನಿಲಕ್ಷ್ಮಿ, ಸ್ವಲ್ಪ ಯೋಚಿಸಿ. “ಸಿದ್ದಮ್ಮ, ನಿನ್ನೆ ಆ ಬೋರ್ಡು ಏನ್ ಮಾಡ್ದೆ?”

ಸಿದ್ದಮ್ಮ ಎಂಬಾಕೆ ಎದ್ದು ಹೋಗಿ ಕಪಾಟಿನ ಕೆಳಗಿನಿಂದ ಒಂದು ಪ್ಲಾಸ್ಟಿಕ್ ತಟ್ಟೆ ತಂದರು. ಅದರಲ್ಲಿ ಒಂದು ಮದರ್‌ಬೋರ್ಡು, ಅದಕ್ಕೆ ಸಿಕ್ಕಿಸಿದ ಹಾಗೇ ಇದ್ದ ಮೊಳದುದ್ದದ ಕಾರ್ಡು. ಕಾರ್ಡಿನ ತಗಡಿನ ಅಂಚಿನ ಮೇಲೆ ಹೆಬ್ಬೆಟ್ಟಿನಷ್ಟು ಅಗಲದ ಕುಂಕುಮದ ಬೊಟ್ಟು.

“ಡಬ್ಬ ಬಿಚ್ಚಿದ್ರೆ ಒಳಗಡೆ ಬೊಟ್ಟು. ಎಲ್ಲೂ ನೋಡಿಲ್ಲಪ್ಪ ಇಂಗೆ,” ಎಂದರು ಸಿದ್ದಮ್ಮ. “ಕೀಳಕ್ಕೆ ಮನಸ್ಸಾಗ್ಲಿಲ್ಲ. ಅದು ಕೂತಿದ್ದ ಬೋರ್ಡ್ ಸಮೇತ ಎತ್ತಿಟ್ಟೆ.”

ನಾನು ಎರಡು ಸಲ ತಿರುಗಿಸಿ ನೋಡಿದೆ. ಮಾಡಿದ ಎಂಜಿನಿಯರಿನ ಅಂಗಡಿಯ ಮುದ್ರೆ ಕಾರ್ಡಿನ ಹಿಂದೆ ಇತ್ತು. ಅದೇ. ಡಿಸ್ಕ್ ಆಗಿದ್ದರೆ ನಿಯಮದ ಪ್ರಕಾರ ಕೊಡುವಂತಿರಲಿಲ್ಲವಂತೆ, ಬೋರ್ಡಿಗೆ ಅಂಥದ್ದೇನಿಲ್ಲ. ಮುನಿಲಕ್ಷ್ಮಿ ತೂಕ ಹಾಕಿ, ನನ್ನ ರಸೀದಿಯ ಹಿಂದೆ ಸಹಿ ಹಾಕಿಸಿಕೊಂಡರು. “ಊಟ ಮಾಡ್ಕೊಂಡು ವೋಗಿ, ಮುಖ ಒಣಗೈತೆ,” ಎಂದು ಎದುರಿನ ಮೆಸ್ ತೋರಿಸಿದರು. ಮುದ್ದೆ, ಅವರೆಕಾಳಿನ ಸಾರು, ಮೂವತ್ತು ರೂಪಾಯಿ. ನಾನು ಎರಡು ಮುದ್ದೆ ತಿಂದೆ.

ಮೆಜೆಸ್ಟಿಕ್ ಬಸ್ಸಿನಲ್ಲಿ ಟವೆಲ್ಲಿನಲ್ಲಿ ಸುತ್ತಿದ ಬೋರ್ಡನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತೆ. ಬ್ರೇಕು ಬಿದ್ದಾಗಲೆಲ್ಲ ಎರಡೂ ಕೈಯಲ್ಲಿ ಅವುಚಿಕೊಳ್ಳುತ್ತಿದ್ದೆ. ಕಂಡಕ್ಟರ್ ಪಾಸು ನೋಡಿ, “ಮಗೂನಾ ಸಾರ್?” ಎಂದ. ಪಕ್ಕದಲ್ಲಿದ್ದ ಮುದುಕಿ ಟವೆಲ್ಲಿನ ತುದಿ ಎತ್ತಿ ಇಣುಕಿ, ಕಿಟಕಿಯ ಕಡೆ ತಿರುಗಿಕೊಂಡಳು. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸಿ, ಕಟ್ಟುತ್ತಿದ್ದ ಮೆಟ್ರೋ ಕಂಬಗಳ ಧೂಳು ಕುಡಿದು, ಪೀಣ್ಯ ಸೇರಿದಾಗ ನಾಲ್ಕೂಕಾಲು.

ಯಶೋದಕ್ಕ ವರ್ಕ್‌ಶಾಪಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಒಳಗೆ ಈರಪ್ಪ ಲೇತಿಗೆ ಎಣ್ಣೆ ಹಚ್ಚುತ್ತಿದ್ದ. ಗುಜರಿಗೆ ಹೋಗುವ ಯಂತ್ರಕ್ಕೆ ಯಾಕೆ ಎಣ್ಣೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಟವೆಲ್ಲು ಬಿಚ್ಚಿ ಬೋರ್ಡು ತೋರಿಸಿದೆ. ಅಕ್ಕ ಕುರ್ಚಿಯಿಂದ ಎದ್ದಳು. ಈರಪ್ಪ ಬಟ್ಟೆಗೆ ಕೈ ಒರೆಸಿಕೊಂಡು ಬಂದು ಬೋರ್ಡಿನ ಮೂಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ.

ನಾನು ತಂದುಕೊಟ್ಟಿದ್ದ ಹೊಸ ಕಂಪ್ಯೂಟರಿನ ವಿದ್ಯುತ್ ಡಬ್ಬಿ ಇದಕ್ಕೆ ಹೊಂದಲಿಲ್ಲ, ಪಕ್ಕದ ಶೆಡ್ಡಿನವರಿಂದ ಹಳೆಯದೊಂದನ್ನೂ ಒಂದು ಡಿಸ್ಕನ್ನೂ ತಂದೆವು. ಫೈಲುಗಳು ನನ್ನ ಬಳಿ ಭದ್ರವಾಗಿದ್ದವು. ಪೆಟ್ಟಿಗೆ ಇಲ್ಲದ್ದರಿಂದ ಬೋರ್ಡನ್ನು ಮರದ ಹಲಗೆಗೆ ಮೊಳೆ ಹೊಡೆದು ನಿಲ್ಲಿಸಿದೆವು. ಈ ಸಲ ಯಾವ ವಯರು ಎಲ್ಲಿಗೆ ಎಂದು ಈರಪ್ಪ ಹೇಳಿದ, ನಾನು ಸಿಕ್ಕಿಸಿದೆ. ಐದೂಮುಕ್ಕಾಲಿಗೆ ಹಿತ್ತಾಳೆಯನ್ನು ಕಚ್ಚಿ ಹಿಡಿದ ಲೇತಿನ ಚಕ್ ತಿರುಗಿತು. ಹಿತ್ತಾಳೆಯ ಸುರುಳಿ ಸುರುಳಿ ಸಿಪ್ಪೆ ತಟ್ಟೆಗೆ ಬೀಳತೊಡಗಿತು. ಈರಪ್ಪ ಮೊದಲನೆಯ ಬುಶ್ಶನ್ನು ಅಳೆದು ಅಕ್ಕನ ಅಂಗೈಯಲ್ಲಿಟ್ಟ. ಅಕ್ಕ ಅದನ್ನು ಮುಚ್ಚಿ ಹಿಡಿದುಕೊಂಡೇ ಗುಜರಿಯವನಿಗೆ ಫೋನು ಮಾಡಿ, ಬರಬೇಡಪ್ಪ ಎಂದಳು.

ಮೆಣಸಿನಕಾಯಿ ಬಜ್ಜಿ, ಟೀ ಆದ ಮೇಲೆ ಹೊರಟೆ. ಈರಪ್ಪ ಗೇಟಿನವರೆಗೆ ಬಂದ. ಬೊಮ್ಮಸಂದ್ರದ ಕಥೆಯನ್ನೆಲ್ಲ ಹೇಳಿ, “ನಿಮ್ಮ ಭಕ್ತಿಯೇ ಕಾಪಾಡಿತು ಈರಪ್ಪ. ಕಾರ್ಡಿಗೂ ಪೂಜೆ ಮಾಡಿದ್ದಿರಿ,” ಎಂದೆ.

“ಪೂಜಾ ಅಲ್ರೀ ಸರ ಅದು,” ಎಂದ ಅವನು. “ಪೂಜಾ ಹೊರಗ ಮಾಡಿದ್ದು. ಒಳಗಿಂದು ಗುರ್ತಿಗೆ ಹಚ್ಚಿದ್ದೆ. ಒಳಗ ಮೂರ್ನಾಕು ಕಾರ್ಡ್ ಇದ್ವು, ಎಲ್ಲಾ ಒಂದ ನಮೂನಿ ಕಾಣ್ತಿದ್ವು. ನಿಮ್ಮಂಥಾ ಕಲ್ತಾವ್ರು ಯಾರರ ಬಂದು ಬಿಚ್ಚಿದ್ರ, ಇದನ್ನ ಮುಟ್ಟಬಾರದು ಅಂತ ತಿಳೀಲಿ ಅಂತ್ಹೇಳಿ.”

ನಾನು ಚೀಲ ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಾಯಿಸಿದೆ. ಮೂರು ಗಂಟೆ ಆ ಕಂಪ್ಯೂಟರಿನ ಮುಂದೆ ಕೂತಿದ್ದೆ, ಅದರ ಆಯುಸ್ಸು ಮುಗಿಯಿತೆಂದು ತೀರ್ಪು ಕೊಟ್ಟಿದ್ದೆ.

“ನಾನು ಅದನ್ನು ಬಿಚ್ಚಿಯೇ ಇರಲಿಲ್ಲ ಈರಪ್ಪ,” ಎಂದೆ.

“ಗೊತ್ತೈತ್ರಿ ಸರ,” ಎಂದ. “ಬಿಚ್ಚಿದ್ರ ಬೊಟ್ಟು ಕಾಣ್ತಿತ್ತು. ಕಂಡಿದ್ರ ನನ್ನ ಕೇಳ್ತಿದ್ರಿ. ನಾ ಅವತ್ತ ನಿಮ್ಮ ಬೆನ್ನ ಹಿಂದ ನಿಂತಿದ್ದೆ.”